ಹಿಟ್ಟಿನ ಕೋಲಿನ ಸೋಬಾನೆ

ತಿಗನಾರೆಯಲ್ಲಿ ಮದುವೆ ಗೊತ್ತಾದರೆ ಛತ್ರಕ್ಕಿಂತ ಮೊದಲು ಮಂಗಳಮ್ಮನ ಗಂಟಲನ್ನು ವಿಚಾರಿಸಿಕೊಳ್ಳುತ್ತಾರೆ. ಸೋಬಾನೆ ಪದಕ್ಕೆ ಮೊದಲ ಸೊಲ್ಲು ಎತ್ತುವವಳು ಅವಳೇ. ರಾಚಪ್ಪನ ಮಗಳ ಮದುವೆ ಹತ್ತಿರ ಬಂದಾಗ ಆ ಗಂಟಲು ಕಟ್ಟಿಹೋಯಿತು. ಮೆಣಸಿನ ಕಷಾಯ, ಕಲ್ಲುಸಕ್ಕರೆ ಎಲ್ಲ ಒಳಗೆ ಹೋದವು. ದನಿ ಮಾತ್ರ ಹೊರಗೆ ಬರಲಿಲ್ಲ.

ಓರಗಿತ್ತಿಯ ಸೊಸೆ ಶೈಲಶ್ರೀ ನೋಡಲು ಬಂದಳು. "ನೀವು ಸುಮ್ಕೆ ಕೂತ್ಕಳಿ ದೊಡ್ಡತ್ತೆ. ಸೊಲ್ಲು ನಾನ್ ಎತ್ತುತೀನಿ. ನಿಮ್ಮಂಗೆ ಎಳೆಯಲ್ಲ, ಅನ್ನ ಆರೋದ್ರೊಳ್ಗೆ ಮುಗುಸ್ಬುಡ್ತೀನಿ."

ಒಮ್ಮೆ ಬಿಟ್ಟ ಸೊಲ್ಲು ತಿರುಗಿ ಕೈಗೆ ಬರುವುದಿಲ್ಲವೆಂದು ಮಂಗಳಮ್ಮನಿಗೆ ಗೊತ್ತು. ಅತ್ತೆಯಿಂದ ಅವಳಿಗೆ ಬಂದದ್ದೂ ಹೀಗೆಯೇ, ಒಂದು ನೆಗಡಿಯ ದೆಸೆಯಿಂದ.

ಅಜ್ಜಿಯ ಬೇಸರ ಕಳೆಯಲೆಂದು ಕಾಲೇಜಿಗೆ ಹೋಗುವ ಮೊಮ್ಮಗಳು ರಂಜಿತ ಮೊಬೈಲಿನಲ್ಲಿ ಸಿಂಫನಿಯೊಂದನ್ನು ಹಾಕಿದಳು. ಸಾಲುಸಾಲು ಪಿಟೀಲುಗಳು, ಎದುರಿಗೆ ಬೆಳ್ಳನೆ ತಲೆಯ ಮುದುಕ, ಕೈಯಲ್ಲೊಂದು ಕಡ್ಡಿ.

"ಅವ್ನ್ಯಾರು?" ಮಂಗಳಮ್ಮ ಪಿಸುಗುಟ್ಟಿದಳು.

"ಕಂಡಕ್ಟರ್ ಕಣಜ್ಜಿ."

"ಯಾವ್ ಬಸ್ಸು, ನಮ್ಮೂರ್ಗೆ ಬರೋದಾ?"

ನಕ್ಕು ಸುಧಾರಿಸಿಕೊಂಡು ರಂಜಿತ ಅದೇ ಸಿಂಫನಿಯನ್ನು ಹರೆಯದವನೊಬ್ಬ ಭರಭರನೆ ನಡೆಸಿದ್ದನ್ನೂ ತೋರಿಸಿದಳು.

"ಇವ್ನು ಶೈಲಶ್ರೀ ಕಡೆಯೋನು," ಎಂದಳು ಅಜ್ಜಿ. "ಆ ಮುದುಕುನ್ನೇ ಆಕು."

ವಾದ್ಯಗಳೆಲ್ಲ ಏರಿ ಇನ್ನೇನು ಸುರಿಯಬೇಕು ಎನ್ನುವಾಗ ಮುದುಕ ಕಡ್ಡಿ ಎತ್ತಿ ತಡೆದು ನಿಂತ. ಅಷ್ಟು ಜನರ ಉಸಿರೂ ಅದರ ತುದಿಯಲ್ಲಿತ್ತು. ಆಮೇಲೆ ನಿದ್ದೆಹೋದ ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ ಇಳಿಸಿದ. ಹರೆಯದವನು ಆ ಜಾಗವನ್ನು ಕಾಣದೆಯೇ ದಾಟಿಹೋಗಿದ್ದ.

"ಮುದುಕುನ್ ಬಾಯಿಂದ ಒಂದ್ ಸೊಲ್ಲೂ ಬರ್ನಿಲ್ವಲ್ಲೆ?"

"ಇಲ್ಲ ಅಜ್ಜಿ."

"ಆದ್ರೂ ಮೇಳ ಅವುಂದೇ."

ಮದುವೆಗೆ ಮಂಗಳಮ್ಮ ಮುದ್ದೆ ತಿರುವುವ ಹಿಟ್ಟಿನ ಕೋಲು ಹಿಡಿದು ಬಂದಳು. ಹೊಡೆಯುತ್ತಾಳೇನೋ ಎಂದು ಹೆಂಗಸರು ಸರಿದು ಕೂತರು. ಹೆಣ್ಣೊಪ್ಪಿಸುವ ಹೊತ್ತಿಗೆ ಶೈಲಶ್ರೀ ಸೊಲ್ಲೆತ್ತಿ ಓಟ ಕಿತ್ತಳು. ಕೋಲು ಮೇಲೆದ್ದಿತು. ಹಳೆಯ ರೂಢಿ, ಹೆಂಗಸರ ಕಣ್ಣೆಲ್ಲ ಮಂಗಳಮ್ಮನ ಕಡೆ ಹೊರಳಿ, ಪದ ನಿಧಾನವಾಯಿತು. ಮಗಳು ತವರಿನ ಹೊಸಿಲು ದಾಟುವ ಸಾಲಿಗೆ ಕೋಲು ನಿಂತಿತು. ಎಲ್ಲರೂ ನಿಂತರು. ಶೈಲಶ್ರೀ ಒಬ್ಬಳೇ ಹೊಸಿಲು ದಾಟಿ, ಹಿಂದೆ ಯಾರೂ ಇಲ್ಲದ್ದನ್ನು ಕಂಡು ಬಾಯಿ ಮುಚ್ಚಿದಳು. ಆ ಮೌನದಲ್ಲಿ ರಾಚಪ್ಪ ಬಿಕ್ಕಿದ್ದು ಅಡುಗೆಯವರಿಗೂ ಕೇಳಿಸಿತು. ಕೋಲು ಮೆಲ್ಲಗೆ ಇಳಿಯಿತು. ಪದ ಮತ್ತೆ ಎದ್ದಿತು.

ಪಂಕ್ತಿಯಲ್ಲಿ ಶೈಲಶ್ರೀ ಪಕ್ಕಕ್ಕೇ ಬಂದು ಕೂತಳು. "ಅಲ್ಲಾ ದೊಡ್ಡತ್ತೆ, ಬಾಯೇ ಬುಡ್ದೆ ಪದವೆಲ್ಲಾ ನೀವೇ ಏಳ್ಬುಟ್ರಲ್ಲ! ಮುಂದ್ಲ ಮದ್ವೆಗೂ ಕೋಲು ತತ್ತೀರಾ?"

ಮಂಗಳಮ್ಮ ಕೋಲಿನ ತುದಿಯಿಂದ ಅವಳ ಎಲೆ ತೋರಿಸಿದಳು. ಅನ್ನ ಆರಿಹೋಗಿತ್ತು.