ಒಂದು ತಾಸಿನ ಹಾದಿಗೆ ಮೂವತ್ತು ರೊಟ್ಟಿ

ಮುಂಬಯಿಗೆ ಹೊರಡುವ ಹಿಂದಿನ ದಿನವೂ ನಮ್ಮ ಮನೆಯವರು ಹಾವೇರಿ ಬಸ್ ಸ್ಟ್ಯಾಂಡಿಗೆ ಹೋಗಿ ಬಂದರು. ರಜೆ ಹಾಕಿದ್ದರು, ಆದರೂ ಹೋದರು. ಅಲ್ಲಿ ಅವರು ಕಂಟ್ರೋಲರ್. ಯಾವ ಊರು ಎಷ್ಟು ದೂರ, ಎಷ್ಟು ಹೊತ್ತು ಎಂಬುದು ಬಾಯಿಪಾಠ. ಬ್ಯಾಡಗಿ ಅಂದರೆ ಮುಕ್ಕಾಲು ತಾಸು. ಮೋಟೆಬೆನ್ನೂರಿನಲ್ಲಿ ಯಾರಾದರೂ ಟಾಪಿಗೆ ಮೆಣಸಿನಕಾಯಿ ಚೀಲ ಏರಿಸಿದರೆ ಒಂದು ತಾಸು. ರಾಣೆಬೆನ್ನೂರೂ ಒಂದು ತಾಸು. ದಾರಿಯಲ್ಲಿ ಡ್ರೈವರನ ಬೀಗರು ಸಿಕ್ಕರೆ ದೇವರೇ ಗತಿ.

ಎಂಬತ್ತರ ದಶಕದ ಕೊನೆಯ ಮಾತು. ಅವರ ಎದೆಯ ಆಪರೇಶನ್ ಮುಂಬಯಿಯಲ್ಲಿ ಆಗಬೇಕಿತ್ತು. ಅಷ್ಟು ಹೊತ್ತು ರೈಲಿನಲ್ಲಿ ಕೂಡುವುದು ಬೇಡ, ಬೆಳಗಾವಿಯಿಂದ ವಿಮಾನದಲ್ಲಿ ಹೋಗಿ ಎಂದು ಡಾಕ್ಟರು ಹೇಳಿದ್ದರು. ನನಗೆ ಊಟ ಸೇರುತ್ತಿರಲಿಲ್ಲ. ಅವರಿಗೆ ಮಾತ್ರ ವಿಮಾನದ್ದೇ ಧ್ಯಾನ.

"ಒಂದು ತಾಸು ಅಂತಾರ. ಸುಳ್ಳು. ಚಹಾಕ್ಕ ನಿಲ್ಲಸೂದನ್ನ ಹಿಡದಿಲ್ಲ ಅವರು."

"ಮುಗಿಲಾಗ ಚಹಾ ಯಾರು ಮಾರತಾರ್ರಿ?"

"ಡ್ರೈವರ್ ಅಂದಮ್ಯಾಲೆ ಚಹಾ ಕುಡೀಲಾರದ ಇರತಾನೇನ? ನೋಡ್ತಿರು, ಎಲ್ಲಾ ನೋಡಿಕೊಂಡು ಬಂದು ಹೇಳತೇನಿ."

ಅತ್ತೆಗೆ ತಾಸಿನ ಲೆಕ್ಕ ಬೇಕಿರಲಿಲ್ಲ. ಗುತ್ತಲದ ಹೆಣ್ಣುಮಗಳು, ಅವರ ತವರಿನಲ್ಲಿ ಬುತ್ತಿ ಕಟ್ಟುವುದು ದೂರ ನೋಡಿ. ಹಾವೇರಿಗೆ ಎರಡು ರೊಟ್ಟಿ, ಹುಬ್ಬಳ್ಳಿಗೆ ಆರು.

"ಮುಂಬಯಿ ಎಷ್ಟ ದೂರ ಐತೆಪಾ?" ಅಂದರು.

ಇವರು ಬೇಕಂತಲೇ ರಸ್ತೆಯ ಕಿಲೋಮೀಟರು ಹೇಳಿದರು, ಅದೂ ಸುತ್ತುಬಳಸಿ ಹೋಗುವ ರಸ್ತೆಯದ್ದು. ಅತ್ತೆ ಮೂವತ್ತು ರೊಟ್ಟಿ ಬಡಿದರು, ಡಬ್ಬಿ ತುಂಬ ಕೆಂಪು ಚಟ್ನಿ ಇಟ್ಟರು.

"ಅತ್ತಿ, ಒಂದು ತಾಸಿನಾಗ ಮೂವತ್ತು ರೊಟ್ಟಿ ಹೆಂಗ ತಿಂತಾರ್ರಿ?"

"ಲಗೂ ಮುಟ್ಟಬಹುದವಾ. ದೂರ ಕಡಿಮಿ ಆಗತೈತೇನ?"

ಇವರು ಗೋಡೆಗೆ ಒರಗಿ, ಎದೆ ಹಿಡಿದುಕೊಂಡು ನಕ್ಕರು. ನಗಬೇಡ್ರಿ ಎಂದು ಗದರಿದೆ.

ಜೊತೆಗೆ ಮೈದುನ ಹೋದ. ನಾನು ಮಕ್ಕಳೊಂದಿಗೆ ಉಳಿದೆ. ಆಪರೇಶನ್ ಆದ ಮೂರನೆಯ ದಿನ ಅವರು ತೀರಿಕೊಂಡರು. ಮೈದುನ ಅವರನ್ನು ವ್ಯಾನಿನಲ್ಲಿ ಕರೆತಂದ, ರಸ್ತೆಯ ಮೇಲೆ, ಅಷ್ಟೂ ಕಿಲೋಮೀಟರು.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವನನ್ನು ಕೂರಿಸಿಕೊಂಡು ಕೇಳಿದೆ, ವಿಮಾನದಲ್ಲಿ ಏನಾಯಿತು ಹೇಳು ಎಂದು.

"ವೈನಿ, ಖರೇ ಹೇಳತೇನಿ. ಅದು ಏಳೂದರಿಂದ ಇಳಿಯೂತನಕ ನಾ ಕಣ್ಣ ತಗದಿಲ್ಲ. ಅಣ್ಣನ ತೋಳ ಗಟ್ಟಿ ಹಿಡಕೊಂಡಿದ್ದೆ."

"ಅವರು ಏನ ಮಾಡಾಕತ್ತಿದ್ರು?"

"ರೊಟ್ಟಿ ಹಂಚತಿದ್ದ."

"ಕಣ್ಣ ಮುಚ್ಚಿದಂವಗ ಹೆಂಗ ಗೊತ್ತಾತು?"

"ಚಟ್ನಿ ಡಬ್ಬಿ ತಗದಿದ್ದು ಗೊತ್ತಾಗೂದಿಲ್ಲೇನ್ರಿ? ಮುಂದಿನ ಸಾಲಿನವರು ಒಬ್ಬರಾದ ಮ್ಯಾಲೆ ಒಬ್ಬರು ಸೀನಿದರು. 'ಬ್ಯಾಡಗಿ ಮೆಣಸಿನಕಾಯಿರಿ, ಖಾರ ಇಲ್ಲ, ಬರೇ ಬಣ್ಣ' ಅಂತ ಸಮಾಧಾನ ಹೇಳಾಕತ್ತಿದ್ದ."

ಅವರು ಹೋದ ಮೇಲೆ ಮೊದಲ ಸಲ ನಕ್ಕೆ. ಮಾತಾಡಿಸಲು ಬಂದಿದ್ದ ಪಕ್ಕದ ಮನೆಯವರು ನನ್ನ ತಲೆ ಕೆಟ್ಟಿತೆಂದು ತಿಳಿದರು. ಮೈದುನ ಮಾತ್ರ ನಗಲಿಲ್ಲ.

"'ಲೇ, ಕೆಳಗ ನೋಡಲೇ' ಅಂತ ಎರಡು ಸಲ ಅಂದ, ವೈನಿ. ನಾ ನೋಡಲಿಲ್ಲ."

ಎಷ್ಟು ಹೊತ್ತಾಯಿತೆಂದು ಯಾರನ್ನಾದರೂ ಕೇಳಬಹುದು. ಕಿಟಕಿಯಿಂದ ಅವರು ಏನು ಕಂಡರೆಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.