ಊದುಬತ್ತಿ ಮಣೆಯೂ ಪಲ್ಸಾರ್ ಪಾಠವೂ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಅಶೋಕಪುರಂನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅವ್ವ ಊದುಬತ್ತಿ ಹೊಸೆಯುತ್ತಿದ್ದಳು. ನನ್ನ ಮುಂದೆ ಪುಸ್ತಕ, ಅವಳ ಮುಂದೆ ಇದ್ದಿಲು ಹಿಟ್ಟಿನ ಮಣೆ. ನಾನು ಮಣೆಗೆ ಕೈ ಹಾಕಿದರೆ, "ಓದೋಳು ಓದು. ಈ ಕರಿ ನನ್ ಕೈಗೇ ಸಾಕು" ಎಂದು ಗದರುತ್ತಿದ್ದಳು. ಇಡೀ ಬೀದಿಯಲ್ಲಿ ತನ್ನಷ್ಟು ಚುರುಕಾಗಿ ಹೊಸೆಯುವವರಿಲ್ಲ ಎಂಬ ಜಂಬ ಅವಳಿಗಿತ್ತು. ಇರಲಿ ಬಿಡಿ, ಜಂಬಪಡಲು ಅವಳಿಗೆ ಬೇರೆ ಏನಿತ್ತು?

ಆ ವರ್ಷ ಸೆಮಿನಾರಿಗೆ ನನಗೆ ಪಲ್ಸಾರ್ ವಿಷಯ ಬಂತು. ಸತ್ತ ದೊಡ್ಡ ನಕ್ಷತ್ರದಲ್ಲಿ ಉಳಿದ ತಿರುಳು ಅದು. ಗಿರಗಿರನೆ ತಿರುಗುತ್ತಾ ಸುತ್ತಿಗೊಮ್ಮೆ ನಮ್ಮ ಕಡೆಗೆ ರೇಡಿಯೋ ಅಲೆ ಬೀಸುತ್ತದೆ. ಯಂತ್ರದಲ್ಲಿ ಅದನ್ನು ಸದ್ದು ಮಾಡಿ ಕೇಳಬಹುದು, ಟಿಕ್ ಟಿಕ್ ಅನ್ನುತ್ತದೆ ಎಂದು ಅವ್ವನಿಗೂ ಹೇಳಿದ್ದೆ. ತಿರುಗುವ ಶಕ್ತಿಯನ್ನೇ ಹೊರಗೆ ಚೆಲ್ಲುತ್ತಾ ಅದು ನಿಧಾನವಾಗುತ್ತದೆ. ಎಷ್ಟು ಸ್ವಲ್ಪವೆಂದರೆ, ಬಿಡದೆ ಅಳೆಯುವವರಿಗಷ್ಟೇ ತಿಳಿಯುತ್ತದೆ. ಬೆರಳ ಗಂಟಿನ ನೋವಿಗೆ ಅವ್ವನ ಕೈ ನಿಧಾನವಾದದ್ದೂ ಪಕ್ಕದಲ್ಲೇ ಕೂತಿದ್ದ ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಮಾಲು ತಂದುಕೊಟ್ಟು, ಹೊಸೆದ ಕಟ್ಟು ಎಣಿಸಿ ಒಯ್ಯುವ ಹೆಂಗಸಿಗೆ.

"ಕಟ್ಟು ಕಮ್ಮಿ ಆಯ್ತಾವೆ. ಇಂಗೇ ಆದ್ರೆ ಬೇರೇವ್ರಿಗೆ ಕೊಡ್ಬೇಕಾಯ್ತದೆ ಕಣಕ್ಕ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮುಂದಿನ ವಾರ ಅವ್ವನ ಕೈ ಇದ್ದಕ್ಕಿದ್ದಂತೆ ಚುರುಕಾಯಿತು. ಬೆರಳ ಗಂಟಿನ ನೋವು ಎಲ್ಲಿ ಹೋಯಿತೋ, ಹಳೇ ಅವ್ವನೇ ಬಂದು ಕೂತಂತಿತ್ತು. "ನೋಡ್ದೇನವ್ವ? ಮುದ್ಕಿ ಆಗ್ಬುಟ್ಳು ಅಂದ್ಕಂಡಿದ್ರು" ಎಂದು ನಕ್ಕಳು. ತುಂಬು ಚೀಲ ಮಾಲು ಬೇಕೆಂದು ಹೇಳಿಯೂ ಕಳಿಸಿದಳು.

ಪಲ್ಸಾರಿಗೂ ಒಮ್ಮೊಮ್ಮೆ ಹೀಗಾಗುತ್ತದೆ. ಒಳಗೇ ಏನೋ ಜರುಗಿ ಫಕ್ಕನೆ ವೇಗ ಹೆಚ್ಚುತ್ತದೆ, ಆಮೇಲೆ ಮತ್ತೆ ನಿಧಾನವಾಗುವುದೇ. ಅದನ್ನು ಬೆಳಿಗ್ಗೆ ತಾನೇ ಓದಿದ್ದ ನಾನು ಮಧ್ಯಾಹ್ನ ಅವ್ವನನ್ನು ನೋಡಿ ಗುಣವಾಯಿತೆಂದು ನಂಬಿದೆ. ಏನು ಓದೋ ಏನು ಕಥೆಯೋ.

ದಸರಾ ಹೊತ್ತಿಗೆ ಅವಳಿಗೆ ಬೆರಳು ಮಡಚಲೂ ಬಾರದಾಯಿತು. ಕಲಸಿದ ಹಿಟ್ಟು ಮಣೆಯ ಮೇಲೇ ಒಣಗಿ ಬಿರುಕುಬಿಟ್ಟಿತು. ಆ ಹೆಂಗಸು ಬಂದು, ಅವ್ವನ ಮುಖ ನೋಡಲಾರದೆ, ಚೀಲ ಎತ್ತಿಕೊಂಡು ಹೋಗಿ ಎದುರುಮನೆಗೆ ಕೊಟ್ಟಳು. ಅವಳನ್ನು ಬೈಯುವುದಕ್ಕೂ ಆಗದೆ ನಾನು ಅತ್ತುಬಿಟ್ಟೆ. ಅವ್ವ ಅಳಲಿಲ್ಲ. ಕೈ ತೊಳೆದುಕೊಂಡು ಬಂದು ಕೂತು, "ನಿನ್ ನಕ್ಷತ್ರ ಕೊನೇಗ್ ನಿಂತೋಯ್ತದಾ ಮಗಾ?" ಎಂದು ಕೇಳಿದಳು.

ಸದ್ಯ, ಸಮಾಧಾನದ ಒಂದು ಮಾತು ಸಿಕ್ಕಿತಲ್ಲ ಎಂದು ಅವಸರದಿಂದ ಹೇಳಿದೆ. "ಇಲ್ಲ ಕಣವ್ವ. ಸದ್ದು ನಿಂತೋಯ್ತದೆ, ಅಷ್ಟೇ. ಅದು ತಿರುಗ್ತಾನೇ ಇರ್ತದೆ."

ಅವ್ವ ಎದುರುಮನೆಯ ಬಾಗಿಲ ಕಡೆ ನೋಡುತ್ತಾ ಕೇಳಿದಳು.

"ಸದ್ದೇ ಇಲ್ದಿದ್ರೆ, ಅದು ಇನ್ನೂ ಅದೆ ಅಂತ ಯಾರ್ಗವ್ವ ಗೊತ್ತಾಯ್ತದೆ?"