ಹರವಿಯ ಪಕ್ಕದ ಜಾಗ

ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ನಮ್ಮ ಮನೆಯೊಳಗೆ ತಂಪು ಇರುತ್ತಿದ್ದದ್ದು ಒಂದೇ ಮೂಲೆಯಲ್ಲಿ. ಕೊಟ್ಟೂರಿನ ಹತ್ತಿರ ನಮ್ಮೂರು, ಮಣ್ಣಿನ ಮಾಳಿಗೆಯ ಮನೆ. ಬಿಸಿಲೇರುವ ಮೊದಲೇ ಅಕ್ಕ ಮಾಳಿಗೆ ಹತ್ತಿ ಬೆಳಕಿಂಡಿಗೆ ಕಲ್ಲು ಮುಚ್ಚಿ ಬಂದು, ಬಾಗಿಲಿಗೆ ಒದ್ದೆ ಗೋಣಿಚೀಲ ಇಳಿಬಿಡುತ್ತಿದ್ದಳು. ಒಳಗೆ ಆ ಮೂಲೆಯ ಗೋಡೆಗೆ ಹತ್ತಿ, ಮರಳಿನ ಮೇಲೆ ಕುಡಿಯುವ ನೀರಿನ ಹರವಿ ಇತ್ತು. ಹರವಿಯೆಂದರೆ ನನ್ನ ಎದೆಮಟ್ಟದ ದೊಡ್ಡ ಮಣ್ಣಿನ ಗಡಿಗೆ. ಅದು ಹಗಲೆಲ್ಲ ಜಿನುಗಿ ಮರಳು ಒದ್ದೆಯಾಗಿ, ಅಲ್ಲಿ ಬಿದ್ದ ಜೋಳದ ಕಾಳೂ ಮೊಳಕೆಯೊಡೆಯುತ್ತಿತ್ತು.

ಆ ಮರಳಿಗೆ ಅಂಟಿಕೊಂಡ ಜಾಗ ಅಕ್ಕನದು. ಅವ್ವ ನಾನು ಹಾಲು ಕುಡಿಯುವಾಗಲೇ ತೀರಿಕೊಂಡಿದ್ದಳು. ನನ್ನನ್ನು ಸಾಕಿದವಳು ಅಕ್ಕನೇ. ಆದರೆ ತಂಪಿನ ವಿಷಯದಲ್ಲಿ ಅವಳು ಮಹಾ ಜಿಪುಣಿ. ನಾನು ತೂರಿಕೊಳ್ಳಲು ಹೋದರೆ, "ಸರಿಯಲೇ ಅತ್ಲಾಗ, ಮೈ ಒಲಿ ಆಗೇತಿ ನಿಂದು," ಎಂದು ಮೊಣಕೈಯಿಂದ ತಳ್ಳುತ್ತಿದ್ದಳು. ನಾನು ಅವಳ ಹೊಟ್ಟೆಯ ಮೇಲಿಂದ ಕಾಲು ಚಾಚಿ ಹೆಬ್ಬೆರಳನ್ನಾದರೂ ಮರಳಿಗೆ ತಾಗಿಸುತ್ತಿದ್ದೆ. ಹಾಗೇ ಜಗಳವಾಡುತ್ತ ಇಬ್ಬರಿಗೂ ನಿದ್ದೆ ಬರುತ್ತಿತ್ತು.

ಒಂದು ಚಳಿಗಾಲ ಅಕ್ಕ ಮದುವೆಯಾಗಿ ಇಟ್ಟಿಗಿ ಎಂಬ ಊರಿಗೆ ಹೋದಳು. ಬೇಸಿಗೆ ಬಂದಾಗ ಇಡೀ ಜಾಗ ನನ್ನದಾಯಿತು. ಎರಡು ದಿನ ಅಲ್ಲಿ ಮಲಗಿ ನೋಡಿದೆ. ತಂಪೇನೋ ಇತ್ತು, ನಿದ್ದೆ ಹತ್ತಲಿಲ್ಲ. ಮತ್ತೆ ನನ್ನ ಹಳೆಯ ಕಡೆಗೇ ಸರಿದೆ.

ಒಂದು ದಿನ ಅಪ್ಪ ಅಕ್ಕನನ್ನು ಕರೆತರಲು ಮುಂಜಾನೆಯ ಬಸ್ಸಿಗೆ ಹೊರಟ. "ಮಧ್ಯಾಹ್ನಕ್ಕ ಬಂದ್ಬಿಡ್ತೀವಿ. ಬಿಸಲಾಗ ತಿರುಗಬ್ಯಾಡ, ಒಳಗ ಇರು," ಅಂದ. ನಾನು ಒಳಗೇ ಇದ್ದೆ. ಓಣಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಅಕ್ಕ ಬಿಸಿಲಲ್ಲಿ ಬೆಂದು ಬರುತ್ತಾಳೆ, ಅವಳ ಜಾಗ ತಂಪಾಗಿರಬೇಕು ಎಂದುಕೊಂಡು ಹರವಿಯಿಂದ ಒಂದು ಚೊಂಬು ನೀರು ತೆಗೆದು ಮರಳಿಗೆ ಹಾಕಿದೆ. ಗೋಣಿಗೂ ಚಿಮುಕಿಸಿದೆ. ಗೋಣಿ ಬೇಗ ಒಣಗಿತು. ಮತ್ತೊಂದು ಚೊಂಬು ತೆಗೆದೆ, ಮತ್ತೊಂದು. ಬಾವಿ ತಳ ಕಂಡಿದ್ದ ಕಾಲ, ಹರವಿಯಲ್ಲಿದ್ದ ಅಷ್ಟಿಷ್ಟು ನೀರೇ ಮರುದಿನ ಬೆಳಗಿನವರೆಗೆ ಬರಬೇಕಿತ್ತು. ಅದು ನನಗೆ ಗೊತ್ತಿತ್ತು, ಆದರೂ ಕೈ ನಿಲ್ಲಲಿಲ್ಲ.

ಕೊನೆಗೆ ಹೊರಗೆ ಚಪ್ಪಲಿಯ ಸದ್ದಾಯಿತು. ಗೋಣಿ ಸರಿಸಿ ಅಪ್ಪ ಒಳಗೆ ಬಂದ. ಅವನ ಹಿಂದೆ ಯಾರೂ ಇರಲಿಲ್ಲ.

"ಅವರ ಮನ್ಯಾಗ ಕೆಲಸ ಬಾಳ ಐತಂತ. ಮಳಿ ಆದಮ್ಯಾಲೆ ಕಳಸ್ತಾರಂತ," ಎನ್ನುತ್ತ ಅಪ್ಪ ಹರವಿಗೆ ಚೊಂಬು ಇಳಿಸಿದ. ಅದು ಬರೀ ತಳವನ್ನು ಕೆರೆಯಿತು. "ನೀರೆಲ್ಲ ಏನ್ ಮಾಡಿದಿಲೇ?"

"ಅಕ್ಕನ ಜಾಗಕ್ಕ ಹಾಕೀನಿ."

ಬೈಗುಳಕ್ಕೆ ಕಾದೆ. ಅಪ್ಪ ಬೈಯಲಿಲ್ಲ. ಹರವಿ ವಾಲಿಸಿ, ಸಿಕ್ಕಷ್ಟು ನೀರನ್ನು ಮೊದಲು ನನಗೆ ಕುಡಿಸಿ, ಉಳಿದ ಗುಟುಕನ್ನು ತಾನು ಕುಡಿದ. ಆಮೇಲೆ ರುಮಾಲು ಹಾಸಿಕೊಂಡು ನನ್ನ ಈಚೆ ಪಕ್ಕಕ್ಕೆ ಮಲಗಿದ. ಅಕ್ಕನ ಜಾಗಕ್ಕೆ ಅವನೂ ಹೋಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಮಳೆಯಾದ ಮೇಲೆ ಅಕ್ಕ ಬಂದಳು, ನಾಲ್ಕೇ ದಿನಕ್ಕೆ. ಆಗ ಊರೆಲ್ಲ ತಂಪಾಗಿತ್ತು. ಹರವಿಯ ಪಕ್ಕದ ಜಾಗ ಯಾರಿಗೂ ಬೇಕಿರಲಿಲ್ಲ.

ಮೊಮ್ಮಕ್ಕಳೇ, ನಿಮಗೆ ಈಗ ಗುಂಡಿ ಒತ್ತಿದರೆ ಸಾಕು, ಕೋಣೆಯ ನಾಲ್ಕು ಮೂಲೆಯೂ ತಂಪು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಮುಚ್ಚಿದ ಬಾಗಿಲು. ಜಾಗಕ್ಕೆ ಜಗಳವೇ ಇಲ್ಲ. ನಿಮ್ಮಪ್ಪ ನನ್ನ ಕೋಣೆಗೂ ಎಸಿ ಹಾಕಿಸಿ, ಅಗಲವಾದ ಮಂಚವನ್ನೂ ತಂದಿದ್ದಾನೆ. "ಅಜ್ಜ, ಇಷ್ಟು ಜಾಗ ಐತಿ, ಅಂಚಿಗ್ಯಾಕ ಮಲಗ್ತಿ? ಬೀಳ್ತಿ ನೋಡು," ಎಂದು ನೀವು ನನ್ನನ್ನೇ ಗದರಿಸುತ್ತೀರಿ. ಬೀಳುವುದಿಲ್ಲ ಮಕ್ಕಳೇ, ನನಗೆ ಅಭ್ಯಾಸವಾಗಿದೆ. ಗೋಡೆಯ ಕಡೆಯದು ಅಕ್ಕನ ಜಾಗ.